ಕೋರ್ಟಿನ ಇಂಗ್ಲಿಷಿಗೆ ಕೆಂಪು ಮಸಿ

ಆಗಸ್ಟ್ 11, ಸೋಮವಾರ

ಡಾಕ್ಟರ್ ತಸ್ಲೀಮ್ ಇವತ್ತು ರಕ್ತದೊತ್ತಡ ನೋಡಿ, ತೋಳಿನ ಪಟ್ಟಿ ಬಿಚ್ಚುತ್ತ, "ಸರ್, ದಿನಕ್ಕ ಎಷ್ಟು ಮಂದಿಗಿ ತಿದ್ತೀರಿ ನೀವು?" ಎಂದು ಕೇಳಿದಳು. ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ 'ಆಪರೇಷನ್' ಬರೆಯುವಾಗ ಒಂದು 'ಪಿ' ಹೆಚ್ಚಿಗೆ ಹಾಕುತ್ತಿದ್ದವಳು. ಅದನ್ನು ನೆನಪಿಸಿದೆ. "ಇದೇ ನೋಡ್ರಿ ನಿಮ್ಮ ಬ್ಯಾನಿ," ಎಂದಳು. ಬಾಯಿಗೆ ಬಂದದ್ದನ್ನೆಲ್ಲ ಆಡದೆ ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕಂತೆ, ಒತ್ತಡ ಇಳಿಯುತ್ತದಂತೆ. ಅವಳ ಚೀಟಿಯಲ್ಲಿ 'ಡೈಲಿ' ಪದದ ಸ್ಪೆಲ್ಲಿಂಗ್ ಸರಿಯಿತ್ತು. ಅದನ್ನೂ ದಾಖಲಿಸುತ್ತೇನೆ, ನಾನು ಪಕ್ಷಪಾತಿಯಲ್ಲ.

ಶಿಸ್ತಿನ ಪ್ರಕಾರ ಮೊದಲ ಪುಟದಲ್ಲಿ ಬರೆಯುವವನ ವಿವರ ಇರಬೇಕು. ಕಲ್ಯಾಣಪ್ಪ, ನಿವೃತ್ತ ಮುಖ್ಯೋಪಾಧ್ಯಾಯ, ಶಹಾಬಾದ್. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಈಗ ವಾಟ್ಸಾಪಿನಲ್ಲಿ 'ದಿನಕ್ಕೊಂದು ಇಂಗ್ಲಿಷ್ ಪದ' ಎಂಬ ಗುಂಪು ನಡೆಸುತ್ತೇನೆ. ಸದಸ್ಯರು ಇನ್ನೂರ ಹನ್ನೆರಡು. ನನ್ನ ಹೆಂಡತಿ ಗುರುದೇವಿಯನ್ನು ಮೂರು ಸಲ ಸೇರಿಸಿದೆ, ಮೂರು ಸಲವೂ ಹೊರಬಿದ್ದಳು. ಬೆರಳು ಜಾರಿತು ಎನ್ನುತ್ತಾಳೆ.

ಬರುವ ದಾರಿಯಲ್ಲಿ ಭೀಮಶಾನ ಕಲ್ಲಿನ ಕಾರ್ಖಾನೆಯ ಬೋರ್ಡು ಕಂಡಿತು. ಪರಸಿ ಕಲ್ಲು ಕೊಯ್ದು ಹೊಳಪು ಕೊಡುವವನು ಅವನು. ಇಂಗ್ಲಿಷಿನಲ್ಲಿ 'ಪಾಲಿಶ್' ಎಂದಿರಬೇಕಾದಲ್ಲಿ 'ಪೊಲೀಸ್' ಎಂದು ಬರೆಸಿದ್ದಾನೆ. ಒಳಗೆ ಹೋಗಿ ಹೇಳಿಬಂದೆ. ನಕ್ಕ. "ಇರ್ಲಿ ಬಿಡ್ರಿ ಸರ್, ಕಳ್ಳರರ ಹೆದರ್ತಾರ," ಎಂದ.

ಆಗಸ್ಟ್ 18, ಸೋಮವಾರ

ಇವತ್ತು ನನ್ನ ವಿದ್ಯೆ ನಾಲ್ಕು ಜನರಿಗೆ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಹಿಂದಿನ ಓಣಿಯ ಜೈತುನ್‌ಬೀ ಮತ್ತು ಜಗದೇವಿ ಬಂದರು. ಜೈತುನ್‌ಬೀ ದಿನಾ ನೂರೈವತ್ತು ಜೋಳದ ರೊಟ್ಟಿ ಬಡಿದು ಸ್ಟೇಷನ್ ಹತ್ತಿರದ ಖಾನಾವಳಿಗೆ ಒಯ್ದು ಕೊಡುತ್ತಾಳೆ. ಜಗದೇವಿ ಅಂಗನವಾಡಿಯಲ್ಲಿ ಸಹಾಯಕಿ. ಆ ಓಣಿಯಿಂದ ಸ್ಟೇಷನ್ನಿಗೂ ಅಂಗನವಾಡಿಗೂ ಇರುವ ದಾರಿಯೆಂದರೆ ಭೀಮಶಾನ ಕಾರ್ಖಾನೆಯ ಪಕ್ಕದ ಸಂದಿ. ಅಲ್ಲಿ ಅವನು ಎರಡು ತಿಂಗಳಿಂದ ಕಲ್ಲು ಒಟ್ಟುತ್ತಿದ್ದಾನೆ. ಒಬ್ಬರು ಅಡ್ಡವಾಗಿ ನಡೆದರೆ ಮಾತ್ರ ದಾಟುವಷ್ಟು ಜಾಗ ಉಳಿದಿದೆ. ಇವರಿಬ್ಬರೂ ಕೋರ್ಟಿಗೆ ಹೋದರು. ಇವರ ವಕೀಲ ದೇವಾನಂದ ಕಣ್ಣಿನ ಆಪರೇಷನ್ನಿಗೆಂದು ಹೈದರಾಬಾದಿಗೆ ಹೋಗಿದ್ದಾನೆ, ಫೋನೂ ಮುಟ್ಟಬಾರದಂತೆ. ಅವನ ಗುಮಾಸ್ತ ಆದೇಶದ ಕೊನೆಯ ಹಾಳೆಯ ಝೆರಾಕ್ಸ್ ಇವರ ಕೈಗಿಟ್ಟು ಕಳಿಸಿದ್ದ.

"ಸ್ಟೇ ಸಿಕ್ಕದೇನ್ ನೋಡ್ರಿ ಸರ್," ಎಂದಳು ಜಗದೇವಿ.

"ಇದರಾಗ ಸ್ಟೇ ಅನ್ನೋ ಪದಾನೇ ಇಲ್ಲ," ಎಂದೆ. ಇರಲಿಲ್ಲ.

ಇದ್ದದ್ದು 'ಎಂಜಾಯಿನ್'. ಪ್ರತಿವಾದಿ ಭೀಮಶಾ, ಅವನ ಆಳುಗಳು ಸದರಿ ದಾರಿ ಮುಚ್ಚುವ ವಿಷಯದಲ್ಲಿ ಎಂಜಾಯಿನ್ ಮಾಡಲ್ಪಟ್ಟಿದ್ದಾರೆ ಎಂದು. ಈ ಕ್ರಿಯಾಪದ ಈ ತಾಲೂಕಿನಲ್ಲಿ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಾರದು. ಎಂಜಾಯಿನ್ ಎಂದರೆ ಆಜ್ಞಾಪಿಸು. ಅಂದರೆ ದಾರಿ ಮುಚ್ಚಬೇಕೆಂದು ಕೋರ್ಟು ಭೀಮಶಾನಿಗೆ ಆಜ್ಞೆ ಮಾಡಿದೆ. ಆದರೆ ಆ ಪದದ ಮುಂದೆ 'ಟು' ಇರಬೇಕಾದಲ್ಲಿ ಟೈಪು ಮಾಡಿದ ಮಹಾಶಯ 'ಫ್ರಮ್' ಎಂದು ಹೊಡೆದಿದ್ದ. ನ್ಯಾಯದ ದೇಗುಲದಲ್ಲಿ ವ್ಯಾಕರಣದ ಈ ಗತಿ. ಕೆಂಪು ಪೆನ್ನು ತೆಗೆದು 'ಫ್ರಮ್' ಹೊಡೆದುಹಾಕಿ ಮೇಲೆ 'ಟು' ಎಂದು ಬರೆದೆ. ಮೂವತ್ತೊಂದು ವರ್ಷದ ರೂಢಿ, ಕೈ ಸುಮ್ಮನಿರುವುದಿಲ್ಲ.

ಅಡುಗೆಮನೆಯಿಂದ ಗುರುದೇವಿ, "ರೀ, ಕೇಸು ಹಾಕಿದಾಕಿ ಇಕಿ. ಮುಚ್ಚು ಅಂತ ಕೋರ್ಟು ತಾನಾಗಿ ಯಾಕ ಹೇಳ್ತದ?" ಎಂದಳು.

"ಇದು ಇಂಗ್ಲಿಷು, ಒಗ್ಗರಣಿ ಅಲ್ಲ," ಎಂದೆ.

ಜೈತುನ್‌ಬೀ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಳು. "ಕೋರ್ಟೇ ಹೇಳಿದ ಮ್ಯಾಲ ಏನ್ ಮಾಡೋದ್ರಿ," ಎಂದಳು. ಚಹಾ ಕುಡಿಯದೆ ಹೋದರು. ಬೇಸರವಾಗಿರಬೇಕು. ನಾನೇನು ಮಾಡಲಿ, ಭಾಷೆಗೆ ದಾಕ್ಷಿಣ್ಯ ಇಲ್ಲ.

ಸಂಜೆ ತಿರುಗಾಡಲು ಹೋದಾಗ ಭೀಮಶಾ ಸಿಕ್ಕ. ಸುದ್ದಿ ಹೇಳಿದೆ. ಅವನು ಹತ್ತಿರ ಬಂದು ಕಿವಿಗೊಟ್ಟ.

"ಮತ್ತೊಮ್ಮೆ ಹೇಳ್ರಿ ಸರ್. ನೀವೇ ಓದಿದ್ರೇನು?"

"ನಾನಲ್ಲದ ಮತ್ಯಾರು?"

"ಹಂಗಾದ್ರ ಮುಗೀತು ಬಿಡ್ರಿ," ಎಂದು ಕೈ ಮುಗಿದ. ಇಷ್ಟು ವಿನಯ ಅವನಲ್ಲಿ ಇದೆಯೆಂದು ತಿಳಿದಿರಲಿಲ್ಲ.

ಆಗಸ್ಟ್ 20, ಬುಧವಾರ

ಭೀಮಶಾನ ಲೆಕ್ಕ ಬರೆಯುವ ಮುನಶಿ ಒಂದು ಡಬ್ಬಿ ಪೇಢೆ ತಂದಿದ್ದ. ಆದೇಶದ ಅರ್ಥವನ್ನು ಕನ್ನಡದಲ್ಲಿ ಬರೆದು ಸಹಿ ಮಾಡಿಕೊಡಬೇಕಂತೆ, ಭೀಮಶಾನಿಗೆ ಇಂಗ್ಲಿಷ್ ಬಾರದು ಪಾಪ. ಹೆಸರು ಅಚ್ಚಾದ ನನ್ನ ಕಾಗದದ ಮೇಲೆ ಬರೆದುಕೊಟ್ಟೆ. ಅಕ್ಷರ ಚೆನ್ನಾಗಿ ಬಂತು.

ಸಂದಿ ಪೂರ್ತಿ ಮುಚ್ಚಿದೆ. ತಲೆಯೆತ್ತರಕ್ಕೆ ಕಲ್ಲು. ಗುರುದೇವಿ ಪೇಢೆ ತಿನ್ನಲಿಲ್ಲ. ಸಕ್ಕರೆ ಜಾಸ್ತಿ ಎಂದಳು.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ಮಿಲಾದ್ ರಜೆ ಇದ್ದದ್ದರಿಂದ ಶಿಕ್ಷಕರ ದಿನದ ಸಭೆ ಇವತ್ತು ನಡೆಯಿತು. ಖರ್ಚೆಲ್ಲ ಭೀಮಶಾನದು. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನನ್ನ ಎದೆಯವರೆಗೆ ಬರುವ ಒಂದು ನೆನಪಿನ ಕಾಣಿಕೆ. ಬ್ಯಾನರಿನಲ್ಲಿ ಇಂಗ್ಲಿಷಿನ 'ಟೀಚರ್' ಪದದ ಅಕ್ಷರಗಳು ಹಿಂದುಮುಂದಾಗಿ 'ಚೀಟರ್' ಎಂದಾಗಿತ್ತು. ಅಚ್ಚಿನವನ ಅಜ್ಞಾನ. ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ, ಸಭೆ ಮುಗಿಯುವವರೆಗೆ.

ಭೀಮಶಾ ಭಾಷಣ ಮಾಡಿದ. "ನಮ್ಮ ಸರ್ ಕೋರ್ಟಿನ ಇಂಗ್ಲಿಷ್‌ಗೇ ತಪ್ಪು ಹಿಡಿಯೋ ಮನುಷ್ಯ. ಕೋರ್ಟು ನನಗ 'ಎಂಜಾಯ್' ಅಂದದ ಅಂತ ಹೇಳಿದವರೇ ಇವರು." ಜನ ಚಪ್ಪಾಳೆ ತಟ್ಟಿದರು. ಅದು 'ಎಂಜಾಯ್' ಅಲ್ಲ, 'ಎಂಜಾಯಿನ್' ಎಂದು ಮೈಕಿನಲ್ಲಿ ತಿದ್ದಿದೆ. ಇನ್ನೂ ಜೋರಾಗಿ ತಟ್ಟಿದರು.

ನಾಳೆ ಗುಂಪಿಗೆ ಇದೇ ಪದ ಹಾಕುತ್ತೇನೆ.

ಸೆಪ್ಟೆಂಬರ್ 7, ಭಾನುವಾರ

ಬೆಳಿಗ್ಗೆ ದೊಡ್ಡ ನಿಘಂಟು ತೆಗೆದೆ. ಉದಾಹರಣೆಗೆ ಒಂದು ಒಳ್ಳೆಯ ವಾಕ್ಯ ಬೇಕಾಗಿತ್ತು.

ಎಂಜಾಯಿನ್. ಮೊದಲ ಅರ್ಥ: ಆಜ್ಞಾಪಿಸು, ವಿಧಿಸು. ಸರಿ. ಅದರ ಕೆಳಗೆ ಎರಡು ಎಂದಿತ್ತು. ಕಾನೂನಿನಲ್ಲಿ, 'ಫ್ರಮ್' ಜೊತೆಗೆ ಬಂದಾಗ: ತಡೆ, ನಿಷೇಧಿಸು, ಮಾಡಕೂಡದೆಂದು ಕಟ್ಟುಹಾಕು. ಇದರಿಂದಲೇ 'ಇಂಜಂಕ್ಷನ್' ಎಂಬ ನಾಮಪದ ಬಂತು ಎಂದೂ ಇತ್ತು. ಇಂಜಂಕ್ಷನ್ ಎಂದರೆ ತಡೆಯಾಜ್ಞೆ ಎಂದು ನಮ್ಮ ಓಣಿಯ ಎಮ್ಮೆ ಕಾಯುವವನಿಗೂ ಗೊತ್ತು.

ನಿಘಂಟಿನ ಮುದ್ರಣದೋಷ ಇರಬಹುದೆಂದು ಇನ್ನೊಂದು ನಿಘಂಟು ನೋಡಿದೆ. ಮೊಬೈಲಿನಲ್ಲೂ ನೋಡಿದೆ. ಮೂರೂ ಸೇರಿ ಒಂದೇ ತಪ್ಪು ಮಾಡುವುದು ಕಷ್ಟ.

ಗುಂಪಿಗೆ ಬೇರೆ ಪದ ಹಾಕಿದೆ. 'ಬಟರ್‌ಫ್ಲೈ'. ಹದಿನೇಳು ಜನ ಹೆಬ್ಬೆರಳು ತೋರಿಸಿದರು.

ಸೆಪ್ಟೆಂಬರ್ 8, ಸೋಮವಾರ

ಮಳೆ. ಎಲ್ಲಿಗೂ ಹೋಗಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ದೇವಾನಂದ ಬಂದ ಮೇಲೆ ಅವನೇ ನೋಡಿಕೊಳ್ಳುತ್ತಾನೆ. ವಕೀಲ ಇರುವುದೇ ಅದಕ್ಕೆ. ಇನ್ನು ಹತ್ತು ದಿನದ ಮಾತು. ಹತ್ತು ದಿನ ಸುತ್ತಿ ಹೋದರೆ ಯಾರ ಕಾಲೂ ಸವೆಯುವುದಿಲ್ಲ.

ಈ ನೋಟುಬುಕ್ಕು ಯಾರೂ ಓದುವುದಿಲ್ಲ.

ಸೆಪ್ಟೆಂಬರ್ 11, ಗುರುವಾರ

ಜೈತುನ್‌ಬೀ ಬೆಳಿಗ್ಗೆ ರೊಟ್ಟಿಯ ಬುಟ್ಟಿ ಹೊತ್ತು ಮುಖ್ಯರಸ್ತೆಯಿಂದ ಸ್ಟೇಷನ್ನಿಗೆ ಹೋಗುತ್ತಿದ್ದಳಂತೆ. ಸಂದಿ ಮುಚ್ಚಿದ ಮೇಲೆ ಅದೇ ದಾರಿ. ಹಿಂದಿನಿಂದ ಕಲ್ಲಿನ ಲಾರಿ ಬಂತು. ಪಕ್ಕಕ್ಕೆ ಸರಿದಳು, ಕೆಸರಿನಲ್ಲಿ ಕಾಲು ಜಾರಿತು, ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿದಿದೆ. ಲಾರಿ ಒಂದು ಗೇಣು ಈಚೆ ಬಂದಿದ್ದರೆ, ಎಂದು ನೋಡಿದವರು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ.

ಗುರುದೇವಿ, ನಾನು ಆಸ್ಪತ್ರೆಗೆ ಹೋದೆವು. ಸಭೆಯಲ್ಲಿ ಕೊಟ್ಟ ಹಣ್ಣಿನ ಬುಟ್ಟಿಯಲ್ಲಿ ಉಳಿದದ್ದನ್ನು ಗುರುದೇವಿ ಮುಟ್ಟಲಿಲ್ಲ, ದಾರಿಯಲ್ಲಿ ಬೇರೆ ಬಾಳೆಹಣ್ಣು ಕೊಂಡಳು. ಜೈತುನ್‌ಬೀ ಎದ್ದು ಕೂತು ನನಗೆ ಜಾಗ ಮಾಡಿದಳು.

"ಹೆಡ್ ಸರ್ ಬಂದ್ರೇನ್ರಿ, ಕುಂದರ್ರಿ. ಅವತ್ತು ನೀವು ಓದಿ ಹೇಳಿದ್ದು ಭಾಳ ಚಲೋ ಆಯ್ತು. ಇಲ್ಲಾಂದ್ರ ಕೋರ್ಟು ಕಚೇರಿ ಅಂತ ಇನ್ನೂ ಹೈರಾಣ ಆಗ್ತಿದ್ವಿ."

ಕೈ ನೋಯುತ್ತಿದೆಯೇ ಎಂದು ಕೇಳಿದೆ.

"ನೋವಿಂದೇನದ್ರಿ, ಹೋಗ್ತದ. ಬಡಿಯೋ ಕೈನೇ ಹೋಯ್ತಲ್ಲ," ಎಂದಳು. ಆಮೇಲೆ ನಾವು ತಂದ ಬಾಳೆಹಣ್ಣನ್ನು ನನಗೇ ತಿನ್ನಲು ಹೇಳಿದಳು. ಬೇಡವೆಂದೆ. ಬಿಡಲಿಲ್ಲ. ತಿಂದೆ.

ಸೆಪ್ಟೆಂಬರ್ 12, ಶುಕ್ರವಾರ

ಬೆಳಿಗ್ಗೆ ಚಹಾದ ಹೊತ್ತಿಗೆ ಗುರುದೇವಿಗೆ ಹೇಳಿಬಿಟ್ಟೆ. ಮುಚ್ಚಬೇಕು ಎಂದಲ್ಲ, ಮುಚ್ಚಕೂಡದು ಎಂದಿತ್ತು ಆ ಹಾಳೆಯಲ್ಲಿ, ಎಂದೆ.

ಅವಳು ಬಸಿ ಕೆಳಗಿಟ್ಟಳು. ಅವತ್ತೇ ಹೇಳಿದ್ದೆ ಎನ್ನುತ್ತಾಳೆಂದು ಕಾದೆ. ಅದನ್ನು ಅನ್ನಲಿಲ್ಲ.

"ಯಾವಾಗ ಗೊತ್ತಾತು?"

"ಭಾನುವಾರ."

"ಆಕಿ ಬಿದ್ದದ್ದು ಗುರುವಾರ," ಎಂದಳು. ಬೆರಳು ಮಡಿಚಿ ಎಣಿಸಿದಳು. ನಾಲ್ಕು ಬೆರಳು ಮಡಿಚಿ, ಆ ಕೈಯನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡಳು. ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಯಾರೂ ಇಷ್ಟು ಚಿಕ್ಕ ಲೆಕ್ಕ ಕಲಿಸಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಹಿಂದಿನ ಓಣಿಗೆ ಹೋದೆವು. ಜೈತುನ್‌ಬೀ ಮನೆಗೆ ಬಂದಿದ್ದಳು, ಜಗದೇವಿ ಅವಳಿಗೆ ಅನ್ನ ಕಲಸಿ ಕೊಡುತ್ತಿದ್ದಳು. ನಿಂತೇ ಹೇಳಿದೆ. ಕೂತು ಹೇಳುವ ಧೈರ್ಯವಿರಲಿಲ್ಲ. ಪದಕ್ಕೆ ಎರಡು ಅರ್ಥ, ಅದು ಲ್ಯಾಟಿನ್ ಮೂಲದಿಂದ ಫ್ರೆಂಚಿಗೆ ಬಂದು, ಎಂದು ಶುರುಮಾಡಿದ್ದೆ. ಗುರುದೇವಿ ನನ್ನ ಅಂಗಿಯ ತೋಳು ಹಿಡಿದಳು.

"ನಾ ತಪ್ಪು ಓದೀನಿ," ಎಂದೆ. "ನೀವು ಗೆದ್ದೀರಿ. ದಾರಿ ನಿಮ್ದೇ."

ಜೈತುನ್‌ಬೀಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಪ್ಲಾಸ್ಟರಿನ ಕೈಯನ್ನು ನೋಡಿಕೊಂಡಳು, ಗೋಡೆಯ ಕಡೆ ತಿರುಗಿದಳು. ಜಗದೇವಿ ಮಾತ್ರ ಬಿಡಲಿಲ್ಲ.

"ನಮಗ ಇಂಗ್ಲಿಷ್ ಬರಲ್ಲಂತ ನಿಮ್ಮ ಹತ್ರ ಬಂದ್ವಿ ಸರ್. ಬರಲ್ಲ ಅಂತ ನೀವು ಒಂದ್ ಮಾತು ಅಂದಿದ್ರ ಬ್ಯಾರೆಯವರ ಹತ್ರ ಹೋಗ್ತಿದ್ವಿ."

"ಬರ್ತದ ಅಂತ ತಿಳಿದಿದ್ದೆ."

"ಹೌದ್ರಿ. ಊರೆಲ್ಲ ಹಂಗೇ ತಿಳಿದದ," ಎಂದಳು.

ಆ ಹಾಳೆ ತಂದು ನನ್ನ ಮುಂದೆ ಹಿಡಿದಳು. 'ಟು' ಎಂಬ ನನ್ನ ಕೆಂಪು ಅಕ್ಷರಗಳು ಕೋರ್ಟಿನ ಅಕ್ಷರಗಳಿಗಿಂತ ದೊಡ್ಡವಿದ್ದವು.

ಸೆಪ್ಟೆಂಬರ್ 13, ಶನಿವಾರ

ಭೀಮಶಾನ ಬಳಿ ಹೋದೆ. ಒಬ್ಬನೇ ಹೋಗಬೇಡಿ ಎಂದು ಜಗದೇವಿಯೂ ಬಂದಳು. ನನಗೆ ಬೆಂಬಲಕ್ಕೆ ಬಂದಳೋ ಕಾವಲಿಗೆ ಬಂದಳೋ ಕೇಳಲಿಲ್ಲ.

ನನ್ನ ಓದು ತಪ್ಪು, ಕೋರ್ಟು ದಾರಿ ಮುಚ್ಚಬೇಡ ಎಂದಿದೆ, ಇವತ್ತೇ ಕಲ್ಲು ತೆಗೆಸು, ಎಂದೆ. ಅವನು ಕುರ್ಚಿ ಹಾಕಿಸಿದ. ಚಹಾ ಹೇಳಿದ.

"ಗೊತ್ತದ್ರಿ ಸರ್. ನಮ್ಮ ವಕೀಲರು ಆರ್ಡರ್ ಬಂದ ದಿನಾನೇ ಹೇಳ್ಯಾರ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ದೊಡ್ಡವರು. ನಿಮಗ ನಾ ತಿದ್ದೋದಾ?"

ಮುನಶಿ ನಗು ತಡೆಯಲು ಮುಖ ತಿರುಗಿಸಿದ. ಶಾಲು, ಹಾರ, ಎದೆಯೆತ್ತರದ ಕಾಣಿಕೆ ಎಲ್ಲ ಕಣ್ಣ ಮುಂದೆ ಬಂದವು. ಪೇಢೆ ಡಬ್ಬಿಗೆ ಬರೆದುಕೊಟ್ಟ ಕಾಗದವೂ. ಅದನ್ನು ವಾಪಸು ಕೊಡು ಎಂದೆ.

"ಅದು ಹ್ಯಾಂಗ ಕೊಡ್ಲಿಕ್ಕಾಗ್ತದ್ರಿ. ನಿಮ್ಮ ಸಹಿ ಅದ. ನಾಳೆ ಯಾರರ ಕೇಳಿದ್ರ, ಹೆಡ್ ಸರ್ ಹೇಳಿದ್ರು ಅಂತ ಮುಚ್ಚೀನಿ ಅಂತ ತೋರಸ್ಲಿಕ್ಕ ಬೇಕಲ್ಲ." ಚಹಾದ ಕಪ್ಪು ನನ್ನ ಕಡೆ ಸರಿಸಿದ. "ನೀವು ಸುಮ್ಮನಿದ್ರ ನಿಮ್ಮ ಹೆಸರೂ ಉಳೀತದ. ಯೋಚನಿ ಮಾಡ್ರಿ."

ಜಗದೇವಿ ತನ್ನ ಚಹಾ ಹಾಗೇ ಬಿಟ್ಟು ಎದ್ದಳು. ನಾನೂ ಎದ್ದೆ. ಹೊರಗೆ ಬಂದ ಮೇಲೆ, "ಇವತ್ತು ತಾರೀಖು ಎಷ್ಟು ಸರ್?" ಎಂದಳು. ಹದಿಮೂರು ಎಂದೆ. "ನೆನಪಿಡ್ರಿ. ನೀವು ಹೇಳಿದ್ದು ಇವತ್ತು, ನಾ ಸಾಕ್ಷಿ," ಎಂದಳು. ಈಕೆ ಅಂಗನವಾಡಿಯಲ್ಲಿ ಉಪ್ಪಿಟ್ಟು ಕಲಸುತ್ತ ಏಕೆ ಕೂತಿದ್ದಾಳೋ ತಿಳಿಯದು.

ಸೆಪ್ಟೆಂಬರ್ 19, ಶುಕ್ರವಾರ

ದೇವಾನಂದ ಬಂದ. ಕಪ್ಪು ಕನ್ನಡಕ. ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. ಕೆಂಪು ಮಸಿ ಕಂಡಾಗ ಕನ್ನಡಕ ತೆಗೆದು ಮತ್ತೆ ಓದಿದ.

"ಸರ್, ನನ್ನ ಕಣ್ಣು ಈಗಷ್ಟೇ ಚಲೋ ಆಗ್ಯಾದ. ಇಂಥಾದ್ದು ತೋರಸ್ಬ್ಯಾಡ್ರಿ."

ಆಮೇಲೆ ಗಂಭೀರವಾದ. ಆದೇಶ ಮೀರಿದ್ದಕ್ಕೆ ಅರ್ಜಿ ಹಾಕುತ್ತಾನೆ. ಭೀಮಶಾ ನನ್ನ ಕಾಗದ ತೋರಿಸಿ, ತಿಳಿಯದೆ ಮಾಡಿದೆ ಎನ್ನುತ್ತಾನೆ. ಅದು ಸುಳ್ಳಾಗಬೇಕಾದರೆ ನಾನು ಕೋರ್ಟಿನಲ್ಲಿ ನಿಂತು, ತಪ್ಪು ಓದಿದ್ದು ನಾನು, ಹದಿಮೂರನೇ ತಾರೀಖು ಅವನಿಗೆ ತಿಳಿಸಿದ್ದೂ ನಾನು ಎನ್ನಬೇಕು. "ಬರ್ತೀರೇನು? ಕೋರ್ಟಿನ ಶಿರಸ್ತೇದಾರರೂ ನಿಮ್ಮ ವಿದ್ಯಾರ್ಥಿನೇ. ಭಾಳ ಮಂದಿ ಇರ್ತಾರ."

ನೋಡೋಣ ಎಂದೆ. ಊಟ ಸೇರಲಿಲ್ಲ. ಗುರುದೇವಿ ಏನೂ ಕೇಳದೆ ನನ್ನ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟು ಬಂದಳು.

ಸೆಪ್ಟೆಂಬರ್ 24, ಬುಧವಾರ

ನ್ಯಾಯಾಧೀಶೆ ನನ್ನ ಕಿರಿಯ ಮಗಳ ವಯಸ್ಸಿನವರು. ಭೀಮಶಾನ ವಕೀಲ ನನ್ನ ಕಾಗದ ಹಾಜರುಪಡಿಸಿದ. ದೇವಾನಂದ ಜೈತುನ್‌ಬೀಯ ಹಾಳೆ ಕೊಟ್ಟ. ನ್ಯಾಯಾಧೀಶೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಈ ಕೆಂಪು ಮಸಿ ಯಾರದು?"

ಎದ್ದು ನಿಂತೆ. "ನಂದೇ, ಮಹಾಸ್ವಾಮಿ."

"ನನ್ನ ಆದೇಶ ತಿದ್ದಿದ್ದೀರಿ. ಮಾರ್ಕ್ಸ್ ಎಷ್ಟು ಕೊಟ್ಟಿರಿ?"

ಹಿಂದಿನ ಬೆಂಚುಗಳಲ್ಲಿ ನಗು ಹರಿಯಿತು. ಶಿರಸ್ತೇದಾರ ಬರೆಯುವಂತೆ ನಟಿಸಿದ. ಹೇಳಬೇಕೆಂದು ಮನೆಯಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ಎರಡು ವಾಕ್ಯಗಳು ಹೊರಟುಹೋದವು.

"ಆ ಪದಕ್ಕ ಎರಡು ಅರ್ಥ ಅದಾವ್ರಿ," ಎಂದೆ. "ಮಾಡು ಅನ್ನೋದೂ ಅದೇ, ಮಾಡಬ್ಯಾಡ ಅನ್ನೋದೂ ಅದೇ. ನನಗ ಒಂದೇ ಗೊತ್ತಿತ್ತು. ಅದು ಒಂದೇ ಅಂತ ಮೂವತ್ತೊಂದು ವರ್ಷ ಕಲಿಸೀನಿ. ನನ್ನ ಮಾತು ನಂಬಿ ಈ ಹೆಣ್ಮಕ್ಕಳು ಗೆದ್ದ ಕೇಸು ಬಿಟ್ಟು ಮನಿಗಿ ಹೋದ್ರು. ಒಬ್ಬಾಕಿ ಕೈ ಮುರೀತು. ತಪ್ಪು ಗೊತ್ತಾದ ಮ್ಯಾಲ ಐದು ದಿನ ನಾ ಸುಮ್ಮನಿದ್ದೆ. ಅದಕ್ಕ ಯಾವ ನಿಘಂಟಿನಾಗೂ ಬ್ಯಾರೆ ಅರ್ಥ ಇಲ್ಲ. ಹದಿಮೂರನೇ ತಾರೀಖು ಭೀಮಶಾನಿಗೆ ಹೇಳೀನಿ. ತನಗ ಮೊದಲೇ ಗೊತ್ತದ ಅಂದ."

ಐದು ದಿನದ ಮಾತು ಹೇಳಲು ದೇವಾನಂದ ಹೇಳಿರಲಿಲ್ಲ. ಅದು ತಾನಾಗಿ ಬಂತು.

ನ್ಯಾಯಾಧೀಶೆ ಭೀಮಶಾನ ಕಡೆ ತಿರುಗಿದರು. "ಹದಿಮೂರರಿಂದ ಇವತ್ತಿನವರೆಗೆ ಕಲ್ಲು ಅಲ್ಲೇ ಯಾಕಿದೆ?"

ಭೀಮಶಾ ವಕೀಲನ ಮುಖ ನೋಡಿದ. ವಕೀಲ ಫೈಲು ನೋಡಿದ. ನಲವತ್ತೆಂಟು ಗಂಟೆಯಲ್ಲಿ ತೆರವು, ಇಲ್ಲದಿದ್ದರೆ ಜೈಲು, ಎಂದಾಯಿತು. ಜೈತುನ್‌ಬೀಯ ಕೈಯ ವಿಚಾರ ಬೇರೆ ನಡೆಯುತ್ತದೆ. ಅದರಲ್ಲಿ ನನ್ನ ಹೆಸರೂ ಇರಬಹುದೆಂದು ದೇವಾನಂದ ಹೇಳಿದ. ಇರಲಿ ಎಂದೆ.

ಈ ಸಲ ಆದೇಶವನ್ನು ಆಕೆ ಕನ್ನಡದಲ್ಲಿ ಓದಿಸಿದರು.

ಸೆಪ್ಟೆಂಬರ್ 26, ಶುಕ್ರವಾರ

ಕಲ್ಲು ತೆಗೆದರು. ಓಣಿಯವರೆಲ್ಲ ನಿಂತು ನೋಡಿದರು. ನಾನು ಸ್ವಲ್ಪ ಹಿಂದೆ ನಿಂತಿದ್ದೆ.

ಡಾಕ್ಟರ್ ತಸ್ಲೀಮ್ ಒತ್ತಡ ನೋಡಿ ನೂರ ಮೂವತ್ತು, ಎಂಬತ್ತು ಎಂದಳು. ಮಾತ್ರೆ ಒಳ್ಳೆಯ ಕಂಪನಿಯದಿರಬೇಕು.

ಸೆಪ್ಟೆಂಬರ್ 29, ಸೋಮವಾರ

ಜೈತುನ್‌ಬೀಯ ಕೈ ಕೂಡಲು ಇನ್ನೂ ಒಂದು ತಿಂಗಳು ಬೇಕು. ಖಾನಾವಳಿಯವನು ಬೇರೆಯವರಿಗೆ ಹೇಳುತ್ತೇನೆ ಎಂದಿದ್ದನಂತೆ. ಗುರುದೇವಿ ಇವತ್ತಿನಿಂದ ಬೆಳಿಗ್ಗೆ ಅವಳ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ. ಜಗದೇವಿ ಬೇಯಿಸುತ್ತಾಳೆ. ಒಯ್ಯುವವರು ಯಾರು ಎಂಬ ಪ್ರಶ್ನೆ ಬಂದಾಗ ಮೂವರೂ ನನ್ನನ್ನು ನೋಡಿದರು.

ಜೈತುನ್‌ಬೀ ನನ್ನೊಡನೆ ಇನ್ನೂ ಹೆಚ್ಚು ಮಾತಾಡುವುದಿಲ್ಲ. ಬಾಗಿಲಲ್ಲಿ ನಿಂತು, "ಬುಟ್ಟಿ ಸೊಟ್ಟ ಹಿಡೀಬ್ಯಾಡ್ರಿ, ಕೆಳಗಿನವು ಮುರೀತಾವ," ಎಂದಳು. ಮೂರು ಸಲ ಹೇಳಿದಳು. ಮೂರು ಸಲವೂ ನೆಟ್ಟಗೆ ಮಾಡಿಕೊಂಡೆ.

ಸಂದಿಯಿಂದ ಸ್ಟೇಷನ್ನಿಗೆ ಆರು ನಿಮಿಷ.

ಖಾನಾವಳಿಯ ಬೀರಲಿಂಗ ಈ ಊರಿಗೆ ಹೊಸಬ, ನನ್ನನ್ನು ಅರಿಯ. ರೊಟ್ಟಿ ಎಣಿಸಿ, ಒಂದು ಮುರಿದದ್ದನ್ನು ಎತ್ತಿ ತೋರಿಸಿದ.

"ಇದೇನ್ರಿ ಇದು?"

"ನನ್ನ ತಪ್ಪು," ಎಂದೆ.

"ಮೊದಲ ಎಲ್ಲಿ ಕೆಲಸಾ ಮಾಡ್ತಿದ್ರಿ?"

"ಸಾಲ್ಯಾಗ."

"ಸಾಲ್ಯಾಗ ಏನ್ ಮಾಡ್ತಿದ್ರಿ?"

ಹಿಂದೆ ಗಿರಾಕಿಗಳು ನಿಂತಿದ್ದರು. ಬೇಗ ಏನಾದರೂ ಹೇಳಬೇಕಾಗಿತ್ತು.

"ಮಾತಾಡ್ತಿದ್ದೆ," ಎಂದೆ.

"ಇಲ್ಲಿ ಮಾತಿನ ಕೆಲಸಿಲ್ರಿ," ಎಂದು ಖಾಲಿ ಬುಟ್ಟಿ ಕೊಟ್ಟ. "ನಾಳೆ ಏಳಕ್ಕ ಬರ್ರಿ."